ನಾಲ್ಕನೇ ಕ್ಲಾಸಿನ ಎಂಟು ತಿಂಗಳು: ನವೋದಯ, ಆದರ್ಶ, ಮೊರಾರ್ಜಿ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯಕ್ಕೆ. ಮಗಳು ಅಲ್ಲಿ ಏಳನೇ ಕ್ಲಾಸಿನಲ್ಲಿದ್ದಾಳೆ. ಮಗ ಎಂಟನೇ ಕ್ಲಾಸು, ಆದರ್ಶ ವಿದ್ಯಾಲಯ. ಅವನಿಗೂ ನವೋದಯವೇ ಬೇಕಿತ್ತು. ಸಿಗಲಿಲ್ಲ, ಅದಕ್ಕೆ ಕಾರಣ ನಾನು. ಹಾಗಾಗಿ ಇದು ತಕ್ಕಡಿ ಹಿಡಿದು ಬರೆದ ಹೋಲಿಕೆ ಅಲ್ಲ.

ನಮ್ಮದು ಬೀದರ್ ಜಿಲ್ಲೆ, ಔರಾದ ತಾಲ್ಲೂಕಿನ ಹಳ್ಳಿ. ಮನೆಯವರು ಎರಡು ಎಕರೆಯಲ್ಲಿ ಸೋಯಾ, ತೊಗರಿ ಹಾಕುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಖಾಸಗಿ ಶಾಲೆಯ ಫೀಸು ನಮ್ಮ ಲೆಕ್ಕಕ್ಕೆ ಕೂರುವುದಿಲ್ಲ. ಅದನ್ನು ಒಂದು ಸಲ ಕೈ ಸುಟ್ಟುಕೊಂಡೇ ಕಲಿತೆ.

ದೊಡ್ಡವ ಮೂರನೇ ಕ್ಲಾಸು ಮುಗಿಸಿದಾಗ ನನಗೊಂದು ಹೆದರಿಕೆ ಹತ್ತಿತ್ತು. ಹಳ್ಳಿ ಶಾಲೆಯಲ್ಲೇ ಇದ್ದರೆ ಇವನಿಗೆ ಇಂಗ್ಲಿಷ್ ಬರುವುದು ಯಾವಾಗ? ಬೀದರಿನಲ್ಲಿ ನನ್ನ ಅಣ್ಣನ ಮನೆ ಇದೆ. ಹುಡುಗನನ್ನು ಅಲ್ಲಿಟ್ಟು ಒಂದು ಖಾಸಗಿ ಶಾಲೆಗೆ ಹಾಕಿದೆವು. ಎಂಟು ತಿಂಗಳಷ್ಟೇ. ಅವನು ಸೊರಗಿದ, ಎರಡನೇ ಕಂತಿನ ಫೀಸಿಗೆ ನಾನು ಸಾಲ ಮಾಡಿದೆ. ಕೊನೆಗೆ ಟಿಸಿ ತಂದು ಮತ್ತೆ ಊರ ಶಾಲೆಗೇ ಸೇರಿಸಿದೆವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಐದನೇ ಕ್ಲಾಸಿನಲ್ಲಿ ನವೋದಯದ ಪ್ರವೇಶ ಪರೀಕ್ಷೆಯ ಅರ್ಜಿ ಬಂತು. ಅರ್ಜಿ ಆನ್‌ಲೈನ್, ಫೀಸು ಇಲ್ಲ. ಆದರೆ ಹೆಡ್‌ಮಾಸ್ತರರು ಸಹಿ ಮಾಡಿದ ಪ್ರಮಾಣಪತ್ರ ಜೊತೆಗೆ ಹಾಕಬೇಕು. ಅದರಲ್ಲಿ ಮಗು ಮೂರು, ನಾಲ್ಕು, ಐದನೇ ಕ್ಲಾಸು ಎಲ್ಲಿ ಓದಿದೆ, ಅದು ಹಳ್ಳಿಯೋ ಪಟ್ಟಣವೋ ಅಂತ ಕಾಣಿಸಬೇಕು. ಹೆಡ್‌ಮಾಸ್ತರರು ದಾಖಲಾತಿ ರಿಜಿಸ್ಟರ್ ತೆಗೆದು ಬೆರಳಿಟ್ಟು ಕೆಳಗೆ ಬಂದರು. ಬೆರಳು ಮಗನ ಹೆಸರಿನ ಹತ್ತಿರ ನಿಂತಿತು. ಟಿಸಿ ಕೊಟ್ಟ ತಾರೀಖು, ಮತ್ತೆ ಸೇರಿಸಿಕೊಂಡ ತಾರೀಖು, ಎರಡೂ ಕೆಂಪು ಇಂಕಿನಲ್ಲಿ.

"ನೋಡವ್ವ, ಈ ಮೂರೂ ವರ್ಷ ಪೂರ್ತಿ ಹಳ್ಳಿ ಶಾಲೆಯಲ್ಲೇ ಇರಬೇಕು. ಒಂದು ದಿನ ಶಹರದ ಶಾಲೆಯಲ್ಲಿ ಓದಿದ್ದರೂ ಶಹರದ ಹುಡುಗ ಅಂತಲೇ ಲೆಕ್ಕ" ಅಂದರು.

ಪಕ್ಕದಲ್ಲಿ ಕೂತಿದ್ದ ನಮ್ಮ ಮೈದುನ, "ಗ್ರಾಮೀಣ ಅಂತ ಬರೀರಿ ಸರ್, ಯಾರು ನೋಡ್ತಾರ?" ಅಂದ. ಸರ್ ಪೆನ್ನು ಕೆಳಗಿಟ್ಟುಬಿಟ್ಟರು. ಆಯ್ಕೆಯಾದ ಮೇಲೆ ದಾಖಲೆಗಳನ್ನೆಲ್ಲ ತಿರುವಿ ನೋಡುತ್ತಾರಂತೆ. ಸುಳ್ಳು ಸಿಕ್ಕರೆ ಸೀಟು ಹೋಗುತ್ತದೆ, ಸಹಿ ಮಾಡಿದವರ ತಲೆಗೂ ಬರುತ್ತದೆ. ಅವರು ಹೇಳಿದ್ದು ಸರಿಯೇ ಅಲ್ವಾ?

ಇದು ಎಷ್ಟು ದೊಡ್ಡ ಹೊಡೆತ ಅಂತ ನನಗೆ ಆಮೇಲೆ ಗೊತ್ತಾಯಿತು. ಆರನೇ ಕ್ಲಾಸಿಗೆ ಇರುವುದು 80 ಸೀಟು. ಅದರಲ್ಲಿ ಕಡಿಮೆ ಅಂದರೂ 75%, ಅಂದರೆ 60, ಹಳ್ಳಿ ಮಕ್ಕಳಿಗೆ. ಉಳಿದ 20ಕ್ಕೆ ಶಹರದವರೂ ಹಳ್ಳಿಯವರೂ ಎಲ್ಲರೂ ಪೈಪೋಟಿ. ನನ್ನ ಮಗ ಆ 60ರ ಬಾಗಿಲಿನಿಂದ ಹೊರಗೆ ಬಿದ್ದ. ಹುಟ್ಟಿದ್ದು ಹಳ್ಳಿ, ರೇಷನ್ ಕಾರ್ಡು ಹಳ್ಳಿಯದು, ಆದರೂ ಶಹರದವ. ಮುಂದಿನ ವರ್ಷ ಬರೆಯೋಣ ಅಂದರೆ ಅದಕ್ಕೂ ದಾರಿಯಿಲ್ಲ, ಈ ಪರೀಕ್ಷೆಗೆ ಒಂದೇ ಸಲ ಕೂರಲು ಬಿಡುತ್ತಾರೆ. ಫಲಿತಾಂಶ ನೋಡಿದಾಗ ಮೊಬೈಲಿನಲ್ಲಿ ಕಂಡದ್ದು ಆಯ್ಕೆಯಾಗಿಲ್ಲ ಅನ್ನುವ ಒಂದೇ ಸಾಲು. ಹಳ್ಳಿ ಲೆಕ್ಕದಲ್ಲಿ ಬರೆದಿದ್ದರೆ ಸಿಗುತ್ತಿತ್ತಾ? ಈಗಲೂ ರಾತ್ರಿ ಮಷಿನ್ ತುಳಿಯುವಾಗ ನೆನಪಾಗುತ್ತದೆ.

ಎರಡನೇ, ಮೂರನೇ ಕ್ಲಾಸಿನ ಮಕ್ಕಳಿರುವವರು ದಯವಿಟ್ಟು ಇದನ್ನು ಎರಡು ಸಲ ಓದಿ. ಪಟ್ಟಣ ಅಂದರೆ ಬೀದರ್ ಒಂದೇ ಅಲ್ಲ, ಪುರಸಭೆ, ಪಟ್ಟಣ ಪಂಚಾಯತಿ ಅಂತ ಸರ್ಕಾರ ಘೋಷಿಸಿದ ಊರೂ ಸೇರುತ್ತದೆ. ನಮ್ಮ ಔರಾದ ಕೂಡ. ಟ್ಯೂಷನ್ನಿಗೆ ಬೇಕಾದರೆ ಎಲ್ಲಾದರೂ ಕಳಿಸಿ, ಶಾಲೆಯ ಹೆಸರು ಮಾತ್ರ ಊರಿನಿಂದ ಕೀಳಬೇಡಿ. ಐದನೇ ಕ್ಲಾಸನ್ನು ಅದೇ ಜಿಲ್ಲೆಯಲ್ಲಿ ಓದಿರಬೇಕು ಅನ್ನುವುದೂ ಇದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಮನೆಯವರು ಅದನ್ನೂ ನೋಡಿಕೊಳ್ಳಿ.

ಮಗಳ ವಿಷಯದಲ್ಲಿ ನಾನು ಏನೂ ಬುದ್ಧಿ ಓಡಿಸಲಿಲ್ಲ, ಅದೇ ಒಳ್ಳೆಯದಾಯಿತು. ಊರ ಶಾಲೆಯಲ್ಲೇ ಬಿಟ್ಟೆ. ಮರುವರ್ಷ ಬರೆದಳು. 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ ಅರ್ಧ, 40 ಪ್ರಶ್ನೆ, ಚಿತ್ರ ನೋಡಿ ಹೊಂದಿಸುವ ಬೌದ್ಧಿಕ ಸಾಮರ್ಥ್ಯದ್ದು. ಉಳಿದದ್ದರಲ್ಲಿ 20 ಗಣಿತ, 20 ಭಾಷೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಕನ್ನಡದಲ್ಲೇ ಬರೆದಳು, ನಮ್ಮ ಗಡಿ ಕಡೆಯ ಮರಾಠಿ ಶಾಲೆ ಮಕ್ಕಳು ಮರಾಠಿಯಲ್ಲಿ ಬರೆಯಬಹುದು. ಅವಳ ತೊಂದರೆ ಉತ್ತರದ್ದಲ್ಲ, ಉತ್ತರ ಗುರುತು ಮಾಡುವ ಓಎಂಆರ್ ಹಾಳೆಯ ಗುಂಡಿಗಳದ್ದು. ಒಂದು ಗುಂಡಿ ತುಂಬಲು ಅರ್ಧ ನಿಮಿಷ, ರಂಗೋಲಿ ಬಿಡಿಸಿದ ಹಾಗೆ. ಹಳೆಯ ಕ್ಯಾಲೆಂಡರಿನ ಹಿಂದೆ ಬಳೆ ಡಬ್ಬಿಯ ಸಣ್ಣ ಮುಚ್ಚಳ ಇಟ್ಟು ಗುಂಡಿ ಬರೆದುಕೊಟ್ಟೆ. ಒಂದು ತಿಂಗಳು ಬಾಲ್ ಪೆನ್ನಿನಲ್ಲಿ ಬರೀ ಅದನ್ನೇ ತುಂಬಿದಳು.

ಈಗ ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದ ನವೋದಯದಲ್ಲಿದ್ದಾಳೆ. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಪುಕ್ಕಟೆ. ಒಂಬತ್ತನೇ ಕ್ಲಾಸಿನಿಂದ ವಿಕಾಸ ನಿಧಿ ಅಂತ ತಿಂಗಳಿಗೆ 600 ರೂಪಾಯಿ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಭೇಟಿಯ ದಿನ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ ಬದಲಿಸಿ ಬದಲಿಸಿ ಹೋಗುತ್ತೇವೆ. ಶಕ್ತಿ ಯೋಜನೆಯಲ್ಲಿ ನನ್ನ ಟಿಕೆಟ್ ಪುಕ್ಕಟೆ, ಮನೆಯವರದು ಮಾತ್ರ ದುಡ್ಡು. ಅದಕ್ಕೇ ಅವರು ಒಂದು ಸಲ ಬಿಟ್ಟು ಒಂದು ಸಲ ಬರುತ್ತಾರೆ. ಒಂಬತ್ತನೇ ಕ್ಲಾಸಿಗೆ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಅದೊಂದು ನೆನೆದರೆ ನನಗೆ ಹೊಟ್ಟೆ ಕಿವುಚುತ್ತದೆ. ಅವಳಿಗೆ ರೈಲು ಹತ್ತುವ ಆಸೆ.

ಇನ್ನು ಆದರ್ಶ. ಇದು ದಿನಾ ಹೋಗಿ ಬರುವ ಸರ್ಕಾರಿ ಶಾಲೆ, ರಾಜ್ಯ ಸಿಲಬಸ್, ಇಂಗ್ಲಿಷ್ ಮಾಧ್ಯಮ. ಇದಕ್ಕೂ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ. ನಾನು ಎಂಟು ತಿಂಗಳು ಸಾಲ ಮಾಡಿ ಕೊಡಿಸಲು ಹೋದ ಇಂಗ್ಲಿಷ್ ಇಲ್ಲಿ ಪುಕ್ಕಟೆಯಾಗಿ ಸಿಕ್ಕಿತು, ನಗಬೇಕೋ ಅಳಬೇಕೋ! ಪಾಠದ ಬಗ್ಗೆ ನನ್ನ ದೂರಿಲ್ಲ. ತೊಂದರೆ ಬಸ್ಸಿನದು. ಬೆಳಗಿನ ಬಸ್ ತಪ್ಪಿದರೆ ಅವತ್ತಿನ ಮೊದಲ ಎರಡು ಪಿರಿಯಡ್ ಹೋಯಿತು. ಸಂಜೆ ಬರುವಾಗ ಕತ್ತಲು, ಓದಲು ಕೂತರೆ ತೂಕಡಿಕೆ. ಆದರೆ ರಾತ್ರಿ ನನ್ನ ತಟ್ಟೆಯ ಪಕ್ಕದಲ್ಲಿ ಅವನ ತಟ್ಟೆ ಇರುತ್ತದೆ. ಅದಕ್ಕೆ ನಾನು ಎಷ್ಟು ಅಂಕ ಕೊಡಲಿ?

ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಮಗ ಬರೆದಿದ್ದ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಒಂದೇ ಪರೀಕ್ಷೆಯಲ್ಲಿ ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ, ಎಲ್ಲ ಬರುತ್ತವೆ. ಇಲ್ಲಿ ಓದಿಗಿಂತ ಕಾಗದದ ಓಡಾಟ ಜಾಸ್ತಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ನಮ್ಮದು ಅವಧಿ ಮೀರಿತ್ತು, ನಾಡಕಚೇರಿಗೆ ಮೂರು ಸಲ ಅಲೆದೆ. ಸೀಟೇನೋ ಸಿಕ್ಕಿತು, ಆದರೆ ಬೇರೆ ತಾಲ್ಲೂಕಿನಲ್ಲಿ. ಬೀದರಿನ ಎಂಟು ತಿಂಗಳು ನೆನೆದು ಹುಡುಗ ಹೋಗಲ್ಲ ಅಂದ. ಬಿಟ್ಟೆವು. ಮನೆ ಬಿಟ್ಟಿರುವ ಅಭ್ಯಾಸ ಇರುವ ಮಗುವಾದರೆ, ನವೋದಯ ಕೈತಪ್ಪಿದರೆ, ನಾನು ಮೊರಾರ್ಜಿಯನ್ನು ಆದರ್ಶಕ್ಕಿಂತ ಮೇಲೆ ಇಡುತ್ತಿದ್ದೆ.

ವಿಜಯಪುರದ ಸೈನಿಕ ಶಾಲೆಯ ಫೀಸು ಕೇಳಿ ಅರ್ಜಿಯನ್ನೇ ಹಾಕಲಿಲ್ಲ.

ನನಗೆ ನವೋದಯ ಮೇಲು ಅನ್ನಿಸಲು ದೊಡ್ಡ ಕಾರಣ ಹನ್ನೆರಡನೇ ಕ್ಲಾಸು. ಆದರ್ಶ ಹತ್ತಕ್ಕೆ ಮುಗಿಯುತ್ತದೆ. ಆಮೇಲೆ ಪಿಯು ಸೈನ್ಸ್ ಅಂದರೆ ಬೀದರಿಗೋ ಕಲಬುರಗಿಗೋ, ಮತ್ತೆ ಹಾಸ್ಟೆಲು, ಮತ್ತೆ ಕಂತು. ಮಗಳ ಆ ಎರಡು ವರ್ಷದ ಚಿಂತೆ ನನಗಿಲ್ಲ. ಮಗನಿಗಾಗಿ ಈಗಲೇ ಬ್ಲೌಸ್ ಹೊಲಿದ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಇಡುತ್ತಿದ್ದೇನೆ.

ಒಂಬತ್ತನೇ ಕ್ಲಾಸಿಗೆ ನವೋದಯದಲ್ಲಿ ಖಾಲಿ ಉಳಿದ ಸೀಟುಗಳಿಗೆ ಇನ್ನೊಂದು ಪರೀಕ್ಷೆ ಇದೆ. ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಈ ವರ್ಷ ಅವನ ಅರ್ಜಿ ಹಾಕಿದ್ದೇವೆ, ಈ ಸಲ ಹೋಗುತ್ತೇನೆ ಅಂತ ಅವನೇ ಹೇಳಿದ. ಅವನಿಗೆ ಕಷ್ಟ ಹಿಂದಿಯದು. ಎಲ್ಲಿ ಕಿ, ಎಲ್ಲಿ ಕೀ, ಇನ್ನೂ ತಪ್ಪುತ್ತಾನೆ. ದಸರಾ ರಜೆಗೆ ಬಂದ ತಂಗಿ ಅವನ ನೋಟ್‌ಬುಕ್ಕಿನಲ್ಲಿ ಟೀಚರ್ ಹಾಗೆ ಕೆಂಪು ಪೆನ್ನು ಎಳೆದಳು. ಅವನು ಸಿಟ್ಟಿನಿಂದ ನೋಟ್‌ಬುಕ್ ಕಿತ್ತುಕೊಂಡು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಸುಮ್ನೆ ಅವಳ ಮುಂದೆ ಇಟ್ಟ.