ಅಪ್ಪ ಅಮ್ಮನ ಐವತ್ತನೇ ವರ್ಷಕ್ಕೆ ಜಪಾನ್: ಮೂರು ಕಡೆ ಉಳಿದು ನೋಡಿದ್ದು

ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬಿದಾಗ ಮೈಸೂರಿನಲ್ಲೇ ನಾಲ್ಕು ಜನರಿಗೆ ಊಟ ಹಾಕಿದರೆ ಸಾಕು ಎಂದು ಅಪ್ಪ ಹೇಳಿದ್ದರು. ಊಟ ಹಾಕಿಸಿದೆವು. ಆಮೇಲೆ 2024ರ ನವೆಂಬರ್ ಕೊನೆಯಲ್ಲಿ ಇಬ್ಬರನ್ನೂ ಜಪಾನ್‌ಗೆ ಕರೆದುಕೊಂಡು ಹೋದೆ. ಬೆಂಗಳೂರಿನಿಂದ ಟೋಕಿಯೋ ಬಳಿಯ ನರಿತಾ ನಿಲ್ದಾಣಕ್ಕೆ ನೇರ ವಿಮಾನ ಇರುವುದರಿಂದ ಪ್ರಯಾಣದ ಬಗ್ಗೆ ಜಾಸ್ತಿ ಯೋಚನೆ ಇರಲಿಲ್ಲ. ಯೋಚನೆ ಇದ್ದದ್ದು ಎಲ್ಲಿ ಉಳಿಯುವುದು ಅನ್ನುವುದರ ಬಗ್ಗೆ. ಅಪ್ಪನಿಗೆ 76, ಅಮ್ಮನಿಗೆ 71. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಜೀವನದಲ್ಲಿ ಒಂದೇ ಸಲ ಮಾಡುವ ಖರ್ಚು, ತಪ್ಪಬಾರದು ಅನ್ನಿಸಿತ್ತು.

ಕೊನೆಗೆ ಮೂರು ಥರದ ಜಾಗಗಳಲ್ಲಿ ಉಳಿದೆವು. ಮೊದಲು ಪ್ಯಾಲೇಸ್ ಹೋಟೆಲ್ ಟೋಕಿಯೋದಲ್ಲಿ ಎರಡು ರಾತ್ರಿ. ಆಮೇಲೆ ಅಲ್ಲಿಗೆ ಹತ್ತಿರದಲ್ಲೇ ಇರುವ ಹೊಶಿನೋಯಾ ಟೋಕಿಯೋದಲ್ಲಿ ಒಂದು ರಾತ್ರಿ. ಕೊನೆಗೆ ಕ್ಯೋಟೋದ ಒಂದು ಹಳೆಯ ರ್ಯೋಕಾನ್‌ನಲ್ಲಿ, ಅಂದರೆ ಹಳೇ ಕಾಲದ ವಸತಿಗೃಹದಲ್ಲಿ, ಎರಡು ರಾತ್ರಿ.

ಮೊದಲು ದುಡ್ಡಿನ ಮಾತು. ಇಲ್ಲೇ ನಾನು ಒಂದು ವಾರ ತಲೆ ಕೆಡಿಸಿಕೊಂಡೆ. ಹೋಟೆಲ್‌ನಲ್ಲಿ ದರ ಹೇಳುವುದು ಕೋಣೆಗೆ. ರ್ಯೋಕಾನ್‌ನಲ್ಲಿ ತಲೆಗೆ ಇಷ್ಟು ಅಂತ. ಅದರಲ್ಲಿ ರಾತ್ರಿಯೂಟ, ಬೆಳಗಿನ ಊಟ ಎರಡೂ ಸೇರಿರುತ್ತವೆ. ನಾವು ಉಳಿದ ರ್ಯೋಕಾನ್ ತಲೆಗೆ 50,000 ಯೆನ್ ದಾಟಿತ್ತು. ಮೂರು ಜನಕ್ಕೆ ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಆದರೆ ಟೋಕಿಯೋದ ಬಿಲ್‌ಗೆ ಅಲ್ಲಿನ ಎರಡು ಹೊತ್ತಿನ ಊಟದ ಖರ್ಚು ಸೇರಿಸಿ ನೋಡಿದರೆ ಅಂತರ ಅಷ್ಟೇನೂ ಇರಲಿಲ್ಲ. ಟಿಪ್ಸ್ ಎಲ್ಲೂ ಕೊಡಬೇಕಿಲ್ಲ. ವಸತಿ ತೆರಿಗೆ ಮಾತ್ರ ನೋಡಿಕೊಳ್ಳಿ. ಕ್ಯೋಟೋ ಅದನ್ನು 2026ರ ಮಾರ್ಚ್‌ನಿಂದ ಏರಿಸಿದೆ. ರಾತ್ರಿಗೆ ತಲಾ 1,00,000 ಯೆನ್ ಮೇಲಿನ ದರವಾದರೆ ತೆರಿಗೆಯೇ 10,000 ಯೆನ್.

ಪ್ಯಾಲೇಸ್ ಹೋಟೆಲ್ ಇರುವುದು ಚಕ್ರವರ್ತಿಯ ಅರಮನೆಯ ಕಂದಕದ ಎದುರಿಗೆ. 1961ರ ಹೋಟೆಲ್ ಇದು. ಈಗಿನ ಕಟ್ಟಡ ತೆರೆದದ್ದು 2012ರಲ್ಲಿ. ನಾನು ಇದನ್ನು ಆರಿಸಿದ್ದು ಬಾಲ್ಕನಿಗಾಗಿ. ಟೋಕಿಯೋದ ದೊಡ್ಡ ಹೋಟೆಲ್‌ಗಳಲ್ಲಿ ಹೆಚ್ಚಿನವು ಗಾಜಿನ ಗೋಪುರಗಳು, ಕಿಟಕಿ ತೆರೆಯಲು ಆಗುವುದಿಲ್ಲ. ಇಲ್ಲಿ ಬಾಲ್ಕನಿ ಇರುವ ಕೋಣೆಗಳಿವೆ. ಕೇಳಿ ತೆಗೆದುಕೊಳ್ಳಬೇಕು. ಅಪ್ಪನಿಗೆ ಬೆಳಿಗ್ಗೆ ಐದಕ್ಕೇ ಎಚ್ಚರ. ಸ್ವೆಟರ್, ಮಫ್ಲರ್ ಹಾಕಿಕೊಂಡು ಅಲ್ಲಿ ಕೂತು ಕಂದಕದ ನೀರು ಬೆಳಗಾಗುವುದನ್ನು ನೋಡಿದರು. ಅರಮನೆಯ ಸುತ್ತ ಐದು ಕಿಲೋಮೀಟರ್ ದಾರಿಯಲ್ಲಿ ಓಡುವವರನ್ನು ಎಣಿಸಿದರು. ಆರಕ್ಕೆ ತಾವೂ ಕೆಳಗಿಳಿದು ಒಂದಿಷ್ಟು ದೂರ ನಡೆದು ಬಂದರು. ಕುಕ್ಕರಹಳ್ಳಿ ಕೆರೆ ಸುತ್ತುವವರಿಗೆ ಇದಕ್ಕಿಂತ ಬೇರೇನು ಬೇಕು?

ಇಲ್ಲಿ ಎಲ್ಲವೂ ನಮಗೆ ಗೊತ್ತಿರುವ ಹಾಗೇ ಇತ್ತು. ಎತ್ತರದ ಮಂಚ, ಕೂರಲು ಕುರ್ಚಿ. ಹೊರಗೆ ಹೋಗಿ ಯಾವಾಗ ಬೇಕಾದರೂ ಬರಬಹುದು. ಟೋಕಿಯೋ ಸ್ಟೇಷನ್‌ಗೆ ನಡೆದೇ ಹೋಗಬಹುದು. ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗೆ ಟೀಸ್ ತಾನ್‌ತಾನ್ ಅಂತ ರಾಮೆನ್, ಅಂದರೆ ಸಾರಿನಲ್ಲಿ ಹಾಕಿದ ನೂಡಲ್ಸ್, ಅಂಗಡಿ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಅಮ್ಮ ಅಲ್ಲಿ ಎಳ್ಳಿನ ಸಾರಿನ ರಾಮೆನ್ ಪೂರ್ತಿ ಮುಗಿಸಿ, "ಇನ್ನು ಹೆದರಿಕೆ ಇಲ್ಲ ಬಿಡು" ಎಂದರು.

ಹೊಶಿನೋಯಾ ಟೋಕಿಯೋ ಬೇರೆಯೇ ಲೋಕ. 2016ರಲ್ಲಿ ಶುರುವಾದ 17 ಮಹಡಿಯ ಕಟ್ಟಡ, ಸುತ್ತಮುತ್ತ ಬ್ಯಾಂಕು, ಆಫೀಸುಗಳು. ಆದರೆ ಒಳಗೆ ಕಾಲಿಡುವಾಗಲೇ ಚಪ್ಪಲಿ ಬಿಡಬೇಕು. ಮರದ ಬಾಗಿಲು ದಾಟಿದರೆ ಕೆಳಗೆಲ್ಲ ತತಾಮಿ ಚಾಪೆ. ಲಿಫ್ಟ್‌ನಲ್ಲೂ ಚಾಪೆ! ಅಮ್ಮ ಬಗ್ಗಿ ಕೈಯಿಂದ ಮುಟ್ಟಿ ನೋಡಿದರು. ಹುಲ್ಲಿನ ಆ ವಾಸನೆ ನಮ್ಮ ಅಜ್ಜಿ ಮನೆಯ ಹೊಸ ಚಾಪೆಯದೇ. ಮಹಡಿಗೆ ಆರೇ ಕೋಣೆ. ಆ ಆರಕ್ಕೂ ಸೇರಿ ಒಂದು ಪಡಸಾಲೆ. ಅಲ್ಲಿ ಚಹಾ, ತಿಂಡಿ ಇಟ್ಟಿರುತ್ತಾರೆ.

ಇಲ್ಲಿನ ದೊಡ್ಡ ಆಕರ್ಷಣೆ ಸ್ನಾನ. ನೆಲದೊಳಗೆ 1,500 ಮೀಟರ್ ಕೊರೆದು ತೆಗೆದ ಬಿಸಿನೀರು ಮೇಲಿನ ಮಹಡಿಗೆ ಬರುತ್ತದೆ. ಉಪ್ಪು ನೀರು. ಒಳಗಿನ ಕೊಳದಿಂದ ಹೊರಗಿನ ಕೊಳಕ್ಕೆ ಹೋದರೆ ಮೇಲೆ ಬರೀ ಆಕಾಶ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಆದರೆ ಬಟ್ಟೆ ಹಾಕಿಕೊಳ್ಳುವಂತಿಲ್ಲ. ಅಪ್ಪ ಸ್ವಲ್ಪ ಯೋಚಿಸಿ ಹೋದರು, ಒಂದು ಗಂಟೆ ಬಿಟ್ಟು ಕೆಂಪಗಾಗಿ ಬಂದರು. ಅಮ್ಮ ಹೋಗಲೇ ಇಲ್ಲ. ನಾನು ಬಲವಂತ ಮಾಡಲಿಲ್ಲ. ಸಂಕೋಚ ಇರುವವರ ಜೊತೆ ಹೋಗುವುದಾದರೆ ಈ ವಿಷಯ ಮೊದಲೇ ಮಾತಾಡಿಕೊಳ್ಳಿ. ಸ್ನಾನ ಬಿಟ್ಟರೆ ಈ ಜಾಗಕ್ಕೆ ಕೊಡುವ ದುಡ್ಡಿನಲ್ಲಿ ಅರ್ಧ ಹೋದ ಹಾಗೇ.

ಮೂರನೆಯದು ಕ್ಯೋಟೋ. ಸೂಟ್‌ಕೇಸ್‌ಗಳನ್ನು ಟೋಕಿಯೋದಿಂದಲೇ ತಕ್ಯೂಬಿನ್ ಕೊರಿಯರ್‌ನಲ್ಲಿ ಒಂದು ದಿನ ಮೊದಲು ಕಳಿಸಿದ್ದೆ. ನಾವು ಕೈಚೀಲ ಹಿಡಿದು ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆಯಲ್ಲಿ ತಲುಪಿದೆವು. ಕ್ಯೋಟೋದಲ್ಲಿ ಹೆಸರುವಾಸಿ ರ್ಯೋಕಾನ್‌ಗಳು ಎಂದರೆ ತವಾರಾಯಾ ಮತ್ತು ಹೀರಾಗಿಯಾ. ಒಂದೇ ಬೀದಿಯಲ್ಲಿ ಎದುರುಬದುರಾಗಿವೆ. ತವಾರಾಯಾಗೆ 300 ವರ್ಷ ದಾಟಿದೆ, ಹೀರಾಗಿಯಾ 1818ರದು. ನಮಗೆ ಬೇಕಾದ ದಿನ ಅಲ್ಲಿ ಜಾಗ ಸಿಗಲಿಲ್ಲ. ಹಾಗಾಗಿ ಬೇರೆ ಒಂದು ಚಿಕ್ಕ ರ್ಯೋಕಾನ್.

ಹೋಟೆಲ್‌ನಲ್ಲಿ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಇಲ್ಲಿ ಹೊತ್ತು ಮನೆಯವರ ಕೈಯಲ್ಲಿ. ಮೂರು ಗಂಟೆಗೆ ಬರಬೇಕು, ಆರಕ್ಕೆ ಊಟ, ಊಟ ಎತ್ತಿದ ಮೇಲೆ ಅದೇ ಕೋಣೆಯಲ್ಲಿ ಹಾಸಿಗೆ. ನಾನು ಮೊದಲ ದಿನ ಇದನ್ನು ಸರಿಯಾಗಿ ಲೆಕ್ಕ ಹಾಕದೆ ಮಧ್ಯಾಹ್ನ ಫುಶಿಮಿ ಇನಾರಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಓಡೋಡಿ ವಾಪಸ್ ಬಂದಾಗ ಐದೂಮುಕ್ಕಾಲು. ಅಮ್ಮನಿಗೆ ಸುಸ್ತು. ತೋಟ ನೋಡುತ್ತಾ ಚಹಾ ಕುಡಿಯುವ ಹೊತ್ತು ಕಳೆದೇ ಹೋಯಿತು. ರ್ಯೋಕಾನ್ ಸೇರುವ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ.

ಊಟದ ತೊಂದರೆಯೂ ಆದದ್ದು ಅಂದೇ. ಜಪಾನೀ ಅಡುಗೆಗೆ ಜೀವ ದಾಶಿ ಎಂಬ ತಿಳಿಸಾರು. ಸಾಮಾನ್ಯವಾಗಿ ಅದನ್ನು ಒಣಗಿಸಿದ ಕತ್ಸುವೊ ಮೀನಿನ ಹೆರೆಯಿಂದ ಮಾಡುತ್ತಾರೆ. ತಟ್ಟೆಯಲ್ಲಿ ಮೀನಿನ ತುಂಡು ಕಾಣದಿದ್ದರೆ ಸಸ್ಯಾಹಾರವೇ ಎಂದು ತಿಳಿಯುವವರು ಅಲ್ಲಿ ಬಹಳ. ಕಾದಿರಿಸುವಾಗ ನಾನು "ಸಸ್ಯಾಹಾರ" ಎಂದಷ್ಟೇ ಬರೆದಿದ್ದೆ. ಮೊದಲ ಬಟ್ಟಲಿನ ಮುಚ್ಚಳ ತೆಗೆದಾಗಲೇ ವಾಸನೆ ಬಂತು. ಬಡಿಸುವ ನಕಾಯ್-ಸಾನ್‌ಗೆ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಆಕೆಯ ಮುಖ ಬಾಡಿತು. ಎಲ್ಲ ಬಟ್ಟಲುಗಳನ್ನೂ ಎತ್ತಿಕೊಂಡು ಹೋದರು. ಇಪ್ಪತ್ತು ನಿಮಿಷ ಬಿಟ್ಟು ಕೊಂಬು ಎಂಬ ಕಡಲ ಸೊಪ್ಪು, ಅಣಬೆ ಹಾಕಿ ಮಾಡಿದ ಸಾರು ಬಂತು. ಎಳ್ಳಿನ ತೋಫು, ಮಿಸೋ ಎಂಬ ಹುದುಗಿಸಿದ ಸೋಯಾ ಹಿಟ್ಟು ಸವರಿ ಸುಟ್ಟ ಬದನೆಕಾಯಿ, ಯುಬಾ ಬಂದವು. ಯುಬಾ ಎಂದರೆ ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆ. ಮರುದಿನ ಮಧ್ಯಾಹ್ನ ತೆನ್‌ರ್ಯೂಜಿ ದೇವಾಲಯದ ಶಿಗೆತ್ಸು ಊಟದ ಮನೆಯಲ್ಲಿ ಬೌದ್ಧ ಸನ್ಯಾಸಿಗಳ ಶೋಜಿನ್ ಊಟ ಮಾಡಿದೆವು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ಅಪ್ಪನಿಗೆ ಮಠದಲ್ಲಿ ಪಂಕ್ತಿಗೆ ಕೂತ ಹಾಗಾಯಿತಂತೆ.

ಇಷ್ಟೆಲ್ಲ ಆದರೂ ಅಮ್ಮ ಮನೆಗೆ ಬಂದು ಎಲ್ಲರಿಗೂ ಹೇಳುತ್ತಿರುವುದು ಆ ರ್ಯೋಕಾನ್ ಬಗ್ಗೆಯೇ. ಐವತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಕೂತವರು ಅಮ್ಮ. ಅಲ್ಲಿ ಒಬ್ಬ ಹೆಂಗಸು ಮಂಡಿಯೂರಿ, ಒಂದೊಂದೇ ಬಟ್ಟಲು ಅವರ ಮುಂದಿಟ್ಟು, ಅವರು ತಿಂದ ಮೇಲೆ ಮುಂದಿನದು ತಂದರು. ಮೊದಲ ರಾತ್ರಿ ಅಮ್ಮನಿಗೆ ಕೂರಲೇ ಆಗುತ್ತಿರಲಿಲ್ಲ, ಎದ್ದು ಸಹಾಯ ಮಾಡಲು ಹೊರಡುತ್ತಿದ್ದರು. ಬೆಳಿಗ್ಗೆ ನಕಾಯ್-ಸಾನ್ ಬರುವಷ್ಟರಲ್ಲಿ ಮೂರು ಹಾಸಿಗೆಯನ್ನೂ ಮಡಿಸಿ ಗೋಡೆಗೆ ಒರಗಿಸಿದ್ದರು. ಎರಡನೇ ರಾತ್ರಿ ಸುಮ್ನೆ ಕೂತರು. ಕೂತು, ನಿಧಾನವಾಗಿ ಉಂಡರು. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಸ್ನಾನವೂ ಇಲ್ಲೇ ಆಯಿತು. ನಲವತ್ತೈದು ನಿಮಿಷಕ್ಕೆ ನಮಗಷ್ಟೇ ಕಾದಿರಿಸಿದ ಹಿನೋಕಿ ಮರದ ತೊಟ್ಟಿ. ಹೊರಗೆ ಕೂತು ಮೈ ತೊಳೆದು, ಆಮೇಲೆ ಒಳಗಿಳಿಯಬೇಕು. ಬಾಗಿಲು ಹಾಕಿಕೊಂಡ ಮೇಲೆ ಅಮ್ಮನಿಗೆ ಸಂಕೋಚ ಹೋಯಿತು. "ಹಂಡೆ ನೀರು ನೆನಪಾಯಿತು ಪುಟ್ಟಿ" ಎಂದರು.

ಮಂಡಿಯ ವಿಷಯ ಮುಚ್ಚಿಡುವುದಿಲ್ಲ. ನೆಲದ ಹಾಸಿಗೆಯಿಂದ ರಾತ್ರಿ ಏಳುವಾಗ ಅಮ್ಮನಿಗೆ ನಾನು ಕೈ ಕೊಡಬೇಕಾಯಿತು. ಊಟಕ್ಕೆ ಕುರ್ಚಿ ಕೇಳಿದೆ, ಗಿಡ್ಡ ಕುರ್ಚಿ ತಂದುಕೊಟ್ಟರು. ಮಂಚ ಇರುವ ಕೋಣೆಗಳು ಈಗ ಬಹಳ ರ್ಯೋಕಾನ್‌ಗಳಲ್ಲಿವೆ. ಕಾದಿರಿಸುವಾಗಲೇ ಕೇಳಬೇಕು.

ಹಾಗಾದರೆ ಯಾವುದು? ನಡೆದಾಡಿ ಊರು ನೋಡುವ ಆಸೆ ಇದ್ದರೆ ಪ್ಯಾಲೇಸ್ ಹೋಟೆಲ್, ಕಣ್ಣು ಮುಚ್ಚಿ. ಟೋಕಿಯೋ ಬಿಟ್ಟು ಹೋಗಲು ಸಮಯವಿಲ್ಲ, ಆದರೂ ಚಾಪೆ ಮತ್ತು ಬಿಸಿನೀರಿನ ಬುಗ್ಗೆ ಬೇಕು ಎಂದರೆ ಹೊಶಿನೋಯಾ. ಗಂಡ ಹೆಂಡತಿ ಇಬ್ಬರೇ ಹೋಗಲು ಅದು ತುಂಬಾ ಚೆನ್ನ. ದೊಡ್ಡವರ ಸಂತೋಷಕ್ಕಾಗಿಯೇ ಹೋಗುವುದಾದರೆ ನನ್ನ ಮತ ಕ್ಯೋಟೋದ ರ್ಯೋಕಾನ್‌ಗೆ. ಅದನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ, ಓಡಾಟ ಮುಗಿದಿರಲಿ.

ಬರುವ ನವೆಂಬರ್‌ನಲ್ಲಿ ಅತ್ತೆ ಮಾವನನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಟೋಕಿಯೋದಲ್ಲಿ ಅದೇ ಬಾಲ್ಕನಿ, ಕ್ಯೋಟೋದಲ್ಲಿ ಮಂಚ ಇರುವ ರ್ಯೋಕಾನ್. ಈ ಸಲ ಅವರಿಗೆ ಕಳಿಸಿದ ಪತ್ರದ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ಮೀನಿನ ದಾಶಿ ಬೇಡ, ಕೊಂಬು ದಾಶಿ ಮಾತ್ರ.