ದೊಡ್ಡಮ್ಮನ ಮನೆಗೆ ಯಾವ ಕ್ಯಾಮೆರಾ? ನಾಲ್ಕನ್ನು ಇಟ್ಟು ನೋಡಿದ ಮೇಲೆ

ಕಳೆದ ಮಳೆಗಾಲದಲ್ಲಿ ಎರಡು ದಿನ ದೊಡ್ಡಮ್ಮನ ಫೋನ್ ಹತ್ತಲಿಲ್ಲ. ಪಕ್ಕದ ಮನೆಯವರದ್ದೂ ಹತ್ತಲಿಲ್ಲ. ದೊಡ್ಡಮ್ಮನಿಗೆ 79 ವರ್ಷ. ಸಾಗರದಿಂದ ಒಳಗೆ, ಅಡಿಕೆ ತೋಟದ ಅಂಚಿನ ಹಳೇ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾನಿರುವುದು ಬೆಂಗಳೂರಿನಲ್ಲಿ. ಎರಡನೇ ರಾತ್ರಿ ಮನಸ್ಸು ತಡೆಯದೆ ಬಸ್ ಹತ್ತಿದೆ. ಬೆಳಿಗ್ಗೆ ಹೋಗಿ ನೋಡಿದರೆ ಅವರು ಜಗಲಿಯಲ್ಲಿ ಕೂತು ಹಲಸಿನ ಬೇಳೆ ಸುಲಿಯುತ್ತಿದ್ದರು. ಕರೆಂಟ್ ಹೋಗಿ ಟವರ್ ನಿಂತಿತ್ತು, ಅಷ್ಟೇ. "ಇಷ್ಟಕ್ಕೇ ರಾತ್ರಿ ಬಸ್ಸಿಗೆ ಬಂದ್ಯಾ ಮಾರಾಯ್ತಿ?" ಅಂದರು. ನನಗೆ ಮಾತು ಹೊರಡಲಿಲ್ಲ.

ಕ್ಯಾಮೆರಾ ಇಡಲಾ ಅಂತ ಅವತ್ತೇ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಮೂರು ಮಾತು ಹೇಳಿದರು. ಮಲಗುವ ಕೋಣೆಯಲ್ಲಿ ಬೇಡ. ನೀನು ನೋಡ್ತಿದ್ದರೆ ನಂಗೆ ಗೊತ್ತಾಗಬೇಕು. ಬೇಡ ಅನ್ನಿಸಿದಾಗ ನಾನೇ ಮುಚ್ಚೋ ಹಾಗಿರಬೇಕು. ಮುಂದಿನ ಎಂಟು ತಿಂಗಳಲ್ಲಿ ನಾಲ್ಕು ಬಗೆಯದ್ದನ್ನು ಇಟ್ಟು ನೋಡಿದೆ. ಪ್ರತಿಯೊಂದನ್ನೂ ಈ ಮೂರು ಮಾತಿಗೇ ಒರೆ ಹಚ್ಚಿದೆ.

ಮೊದಲು ಹಳೇ ಮೊಬೈಲ್. ಆಲ್ಫ್ರೆಡ್‌ನಂಥ ಆ್ಯಪ್ ಹಾಕಿದರೆ ಮನೆಯಲ್ಲಿ ಬಿದ್ದಿರುವ ಫೋನೇ ಕ್ಯಾಮೆರಾ ಆಗುತ್ತದೆ. ಖರ್ಚಿಲ್ಲ. ಎಲ್ಲಿಟ್ಟರೆ ಏನು ಕಾಣುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಪಡಸಾಲೆಯ ಮೂಲೆಯಲ್ಲಿಟ್ಟರೆ ಅಡುಗೆಮನೆ ಬಾಗಿಲೂ ಕಾಣುತ್ತದೆ ಅಂತ ತಿಳಿದದ್ದು ಇದರಿಂದಲೇ. ಆದರೆ ಫೋನಿಗೆ ಕತ್ತಲಲ್ಲಿ ನೋಡುವ ಇನ್‌ಫ್ರಾರೆಡ್ ದೀಪ ಇರುವುದಿಲ್ಲ. ರಾತ್ರಿ ಪೂರ್ತಿ ಕಪ್ಪು. ಇನ್ನೊಂದು, ಹಗಲು ರಾತ್ರಿ ಚಾರ್ಜರ್‌ಗೆ ಸಿಕ್ಕಿಸಿಟ್ಟ ಹಳೇ ಬ್ಯಾಟರಿ ಉಬ್ಬಬಹುದು. ನನ್ನದು ಐದನೇ ವಾರಕ್ಕೆ ಹಿಂಬದಿಯ ಮುಚ್ಚಳ ಎತ್ತಿತು. ಮರ ಹೆಚ್ಚಿರುವ ಹಳೇ ಮನೆ, ವಯಸ್ಸಾದವರು ಒಬ್ಬರೇ. ಅವತ್ತೇ ತೆಗೆಸಿಬಿಟ್ಟೆ. ಒಂದು ವಾರದ ಪ್ರಯೋಗಕ್ಕೆ ಸರಿ, ಆಮೇಲೆ ಖಂಡಿತ ಬೇಡ.

ಎರಡನೆಯದು ಪರದೆ ಇರುವ ಸ್ಮಾರ್ಟ್ ಸ್ಪೀಕರ್, ಎಕೋ ಶೋ ಬಗೆಯದ್ದು. ಇದರಲ್ಲಿ 'ಡ್ರಾಪ್ ಇನ್' ಅಂತ ಒಂದಿದೆ. ಮೊದಲೇ ಒಪ್ಪಿಗೆ ಕೊಟ್ಟವರು ಕರೆದರೆ ಈ ಕಡೆ ಯಾರೂ ಎತ್ತದಿದ್ದರೂ ಕರೆ ತೆರೆದುಕೊಳ್ಳುತ್ತದೆ. ಮೊದಲ ಕೆಲವು ಕ್ಷಣ ಚಿತ್ರ ಮಸುಕಾಗಿರುತ್ತದೆ. ಬೇಡವಾದರೆ ಅಷ್ಟರಲ್ಲಿ ಕಡಿದುಹಾಕಬಹುದು. ಕ್ಯಾಮೆರಾ ಮುಚ್ಚಲು ಮೇಲೆ ಸಣ್ಣ ಜಾರುಮುಚ್ಚಳವೂ ಇದೆ. ದೊಡ್ಡಮ್ಮನ ಮೂರು ಮಾತಿಗೆ ಹತ್ತಿರ ಬಂದದ್ದು ಇದೇ. ಮುಖ ನೋಡಿ ಮಾತಾಡುವುದು ಅವರಿಗೆ ತುಂಬಾ ಹಿಡಿಸಿತು. ಮೊಮ್ಮಕ್ಕಳು ಕಂಡರೆ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು. ಆದರೆ ಅದರೊಳಗೆ ನಮ್ಮ ಮಾತು ಕೇಳಿ ಕೆಲಸ ಮಾಡುವ ಅಲೆಕ್ಸಾಗೆ ಕನ್ನಡ ಬರುವುದಿಲ್ಲ. ಇಂಗ್ಲಿಷ್, ಹಿಂದಿ ಎರಡೂ ಗೊತ್ತಿಲ್ಲದ ದೊಡ್ಡಮ್ಮ ಬಾಯಿಮಾತಲ್ಲಿ ಸಹಾಯ ಕೇಳಲು ಆಗದು. ಮೇಲಾಗಿ ಅದು ಇಟ್ಟ ಕಡೆಯೇ ನೋಡುತ್ತಾ ಕೂರುತ್ತದೆ. ಮಾತಿಗೆ ಇದು, ಕಣ್ಣಿಡಲು ಬೇರೆಯದೇ ಬೇಕು.

ಮೂರನೆಯದು ಸಿಮ್ ಹಾಕುವ 4ಜಿ ಕ್ಯಾಮೆರಾ, ಬ್ಯಾಟರಿ ಮತ್ತು ಸೋಲಾರ್ ತಟ್ಟೆ ಸಮೇತ. ವೈಫೈ ಬೇಡ, ಪ್ಲಗ್ ಬೇಡ. ಹಳ್ಳಿಗೆ ಇದೇ ಸರಿ ಅಂತ ಬಹಳ ಆಸೆಯಿಂದ ತಂದೆ. ಸೆಪ್ಟೆಂಬರ್‌ನ ಮಲೆನಾಡಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಆರನೇ ದಿನಕ್ಕೆ ಬ್ಯಾಟರಿ ಖಾಲಿ. ಬ್ಯಾಟರಿ ಉಳಿಸಲು ಇವು ಸದಾ ನಿದ್ದೆಯಲ್ಲಿರುತ್ತವೆ. ಮೈಶಾಖ ಗುರುತಿಸುವ ಸೆನ್ಸರ್ ಎಬ್ಬಿಸಿದಾಗ ಮಾತ್ರ ಕಣ್ಣು ಬಿಡುತ್ತವೆ. ಆ ಸೆನ್ಸರ್‌ಗೆ ಅಡ್ಡ ಹಾದುಹೋದವರು ಚೆನ್ನಾಗಿ ಗೊತ್ತಾಗುತ್ತಾರೆ, ನೇರ ಎದುರಿಗೆ ನಿಧಾನ ನಡೆದು ಬರುವವರು ಅಷ್ಟಾಗಿ ಗೊತ್ತಾಗುವುದಿಲ್ಲ. ಮಂಡಿನೋವಿನ ದೊಡ್ಡಮ್ಮ ಹೇಗೆ ನಡೆಯುತ್ತಾರೆ ಅಂತ ಹೇಳಬೇಕಿಲ್ಲ ಅಲ್ವಾ? ಡೇಟಾ ಲೆಕ್ಕವೂ ಇದೆ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಹಿಡಿದರೂ ಒಂದು ಗಂಟೆ ನೇರ ನೋಡಿದರೆ ಸುಮಾರು 450 ಎಂಬಿ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಟವರ್ ನಿಂತರೆ ಇದೂ ನಿಂತಿತು. ನಾನು ಹೆದರಿದ್ದೇ ಅಂಥ ದಿನಕ್ಕೆ. ಫೈಬರ್ ಇಂಟರ್ನೆಟ್ ಇಲ್ಲದ ಮನೆಗೆ, ಬಿಸಿಲು ಇರುವ ಬಯಲುಸೀಮೆಗೆ ಇದನ್ನು ಈಗಲೂ ಹೇಳುತ್ತೇನೆ. ನಮ್ಮ ಮನೆಗಲ್ಲ.

ಕೊನೆಗೆ ಉಳಿದದ್ದು ಸಾದಾ ವೈಫೈ ಕ್ಯಾಮೆರಾ, ಕತ್ತು ತಿರುಗಿಸುವಂಥದ್ದು. ಟ್ಯಾಪೊ, ಶಿಯೋಮಿ, ಕ್ಯೂಬೊ ಹೀಗೆ ಹಲವರದ್ದು ಸಿಗುತ್ತವೆ, ಕೆಲಸ ಹೆಚ್ಚುಕಡಿಮೆ ಒಂದೇ. ನನ್ನದಕ್ಕೆ ಸುಮಾರು 2,300 ರೂಪಾಯಿ ಆಯಿತು. ಇಂಥವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಮಣ್ಣಿನ ದಪ್ಪ ಗೋಡೆ ದಾಟುವುದಕ್ಕೆ 5 ಗಿಗಾಹರ್ಟ್ಸ್‌ಗಿಂತ ಅದೇ ಒಳ್ಳೆಯದು. ಮೆಮೊರಿ ಕಾರ್ಡ್ ಹಾಕಿದರೆ ವಿಡಿಯೊ ಅದರಲ್ಲೇ ಉಳಿಯುತ್ತದೆ, ಕಂಪನಿಯ ಕ್ಲೌಡ್‌ನಲ್ಲಿ ಇಡಲು ತಿಂಗಳ ಬಾಡಿಗೆ ಬೇಕಿಲ್ಲ. ಅದು ತಿರುಗುವಾಗ ಸಣ್ಣ ಸದ್ದು ಬರುತ್ತದೆ. ಆ ಸದ್ದೇ ದೊಡ್ಡಮ್ಮನಿಗೆ ಸೂಚನೆ. "ಬಂದ್ಯಾ?" ಅಂತ ಆ ಕಡೆ ನೋಡಿ ಕೇಳುತ್ತಾರೆ. ಹಾಗಾಗಿ ನಾನು ನೋಡುವ ಮೊದಲು ಬೇಕೆಂದೇ ಒಂದು ಸಲ ತಿರುಗಿಸುತ್ತೇನೆ.

ಮುಚ್ಚುವುದಕ್ಕೆ ಅವರೇ ಹಳೇ ರವಿಕೆ ಬಟ್ಟೆಯಲ್ಲಿ ಒಂದು ಟೊಪ್ಪಿ ಹೊಲಿದರು. ಇದು ಸ್ವಿಚ್ ಆಫ್ ಮಾಡುವುದಕ್ಕಿಂತ ಒಳ್ಳೆಯದು. ಆಫ್ ಮಾಡಿದರೆ ಕರೆಂಟ್ ಹೋಯಿತೋ ಅವರೇ ಆರಿಸಿದರೋ ಗೊತ್ತಾಗದು. ಟೊಪ್ಪಿ ಹಾಕಿದರೆ ಆ್ಯಪ್‌ನಲ್ಲಿ ಕ್ಯಾಮೆರಾ ಆನ್‌ಲೈನ್ ಇರುತ್ತದೆ, ಚಿತ್ರ ಮಾತ್ರ ಕಪ್ಪು. ಅಂದರೆ ಅವರಿಗೆ ಈಗ ನಾನು ನೋಡುವುದು ಬೇಡ. ನಾನು ಕೇಳುವುದಿಲ್ಲ.

ಇನ್ನು ನನಗೆ ತಡವಾಗಿ ಹೊಳೆದ ವಿಷಯ. ಈ ಕ್ಯಾಮೆರಾಗಳೆಲ್ಲ ಯಾರಾದರೂ ಅಲುಗಾಡಿದರೆ ಹೇಳುತ್ತವೆ. ನನಗಿರುವ ಭಯ ಅವರು ಅಲುಗಾಡದೆ ಇದ್ದರೆ ಅಂತ. ಅದನ್ನು ನಾನು ನೋಡಿದ ಯಾವುದೂ ತಾನಾಗಿ ಹೇಳುವುದಿಲ್ಲ. ಮೊದಲ ತಿಂಗಳು ದಿನವಿಡೀ ಅಲರ್ಟ್ ಬಂದು ತಲೆ ಕೆಟ್ಟಿತು. ಬೆಕ್ಕು, ಫ್ಯಾನ್ ಗಾಳಿಗೆ ಆಡುವ ಕ್ಯಾಲೆಂಡರ್, ರಾತ್ರಿ ದೀಪದ ಹುಳ. ಕ್ಯಾಮೆರಾ ಮುಂದೆ ಜೇಡ ಬಲೆ ಕಟ್ಟಿದರಂತೂ ಇನ್‌ಫ್ರಾರೆಡ್ ಬೆಳಕಿಗೆ ಅದು ಬಿಳಿ ಹಗ್ಗದಂತೆ ಹೊಳೆಯುತ್ತದೆ. ಆಮೇಲೆ ಎಲ್ಲ ಆಫ್ ಮಾಡಿ ಒಂದೇ ಇಟ್ಟೆ. ಅಡುಗೆಮನೆ ಬಾಗಿಲಿಗೆ ಮಾತ್ರ ಒಂದು ಚೌಕ ಗುರುತು ಹಾಕಿ, ಮನುಷ್ಯರು ಕಂಡರೆ ಮಾತ್ರ ಅಂತ ಆರಿಸಿ, ಬೆಳಿಗ್ಗೆ 5.30ರಿಂದ 7.30ರವರೆಗೆ ಸಮಯ ಹಾಕಿದೆ. ದೊಡ್ಡಮ್ಮ ಕಾಫಿ ಕಾಸಲು ಹೋದಾಗ ನನ್ನ ಫೋನ್ ಒಮ್ಮೆ ಟಿಣ್ ಅನ್ನುತ್ತದೆ. 7.30 ಆದರೂ ಬರದಿದ್ದರೆ ಮೊದಲು ಕ್ಯಾಮೆರಾ ಆನ್‌ಲೈನ್ ಇದೆಯಾ ನೋಡುತ್ತೇನೆ. ಆಮೇಲೆ ಫೋನ್. ಎತ್ತದಿದ್ದರೆ ಪಕ್ಕದ ಮನೆ ಭಾವನಿಗೆ. ಮನೆಯ ಇನ್ನೊಂದು ಕೀಲಿ ಅವರ ಹತ್ತಿರ ಇದೆ. ಕ್ಯಾಮೆರಾ ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಬದಲು ಈ ಚೌಕ, ಈ ಸಮಯ, ಇವೆರಡೂ ಹಾಕಲು ಬರುತ್ತದಾ ಕೇಳಿ.

ಕರೆಂಟ್ ವಿಷಯ. ರೌಟರ್‌ಗೆ ಮಿನಿ ಯುಪಿಎಸ್ ತಂದೆ, ಆದರೆ ಅದರದ್ದು 12 ವೋಲ್ಟ್. ಕ್ಯಾಮೆರಾಕ್ಕೆ ಬೇಕಾದದ್ದು 9. ಅಂಗಡಿಗೆ ವಾಪಸ್ ಹೋಗಿ ಎರಡೂ ಕೊಡುವ ಯುಪಿಎಸ್ ತಂದೆ. ಅಡಾಪ್ಟರ್ ಮೇಲೆ ವೋಲ್ಟ್ ಎಷ್ಟು ಬರೆದಿದೆ ಅಂತ ಓದಿಕೊಂಡೇ ಹೊರಡಿ. ಈಗ ಕರೆಂಟ್ ಹೋದರೆ ನಾಲ್ಕು ಗಂಟೆ ಓಡುತ್ತದೆ. ನವೆಂಬರ್‌ನಲ್ಲಿ ಒಮ್ಮೆ ಟವರ್ ನಿಂತಾಗಲೂ ಫೈಬರ್ ನಡೆಯುತ್ತಿತ್ತು. ದೊಡ್ಡಮ್ಮ ಚಿಮಣಿ ಹಚ್ಚಿಕೊಂಡು ಓಡಾಡುವುದು ನನಗೆ ಕಾಣುತ್ತಿತ್ತು. ಅವತ್ತು ನೆಮ್ಮದಿಯಿಂದ ಮಲಗಿದೆ.

ಪಾಸ್‌ವರ್ಡ್ ಬಗ್ಗೆ ಎರಡೇ ಮಾತು. ಎರಡು ಹಂತದ ಲಾಗಿನ್ ಹಾಕಿ. ಅಣ್ಣ ತಂಗಿಗೂ ನೋಡಬೇಕು ಅಂದರೆ ಪಾಸ್‌ವರ್ಡ್ ಕೊಡಬೇಡಿ, ಆ್ಯಪ್‌ನಲ್ಲಿ ಹಂಚುವ ದಾರಿ ಇದೆ. ಯಾರ್‍ಯಾರು ನೋಡುತ್ತಾರೆ ಅಂತ ಮನೆಯಲ್ಲಿರುವವರಿಗೆ ಹೆಸರು ಹಿಡಿದು ಹೇಳಿ. ನಾನು ನನ್ನ ತಮ್ಮನಿಗೆ ಕೊಟ್ಟಾಗ ದೊಡ್ಡಮ್ಮನನ್ನು ಕೇಳಿಯೇ ಕೊಟ್ಟೆ.

ಬಚ್ಚಲುಮನೆ ಒಂದು ಉಳಿದಿತ್ತು. ವಯಸ್ಸಾದವರು ಜಾರುವುದೇ ಅಲ್ಲಿ, ಕ್ಯಾಮೆರಾ ಇಡಬಾರದ್ದೂ ಅಲ್ಲೇ. ಅದಕ್ಕೆ ತಂತಿಯಿಲ್ಲದ ಕಾಲಿಂಗ್ ಬೆಲ್ ತಂದೆ. ಗುಂಡಿಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ಅಂಟಿಸಿದ್ದೇವೆ, ಬಿದ್ದರೂ ಕೈಗೆ ಸಿಗುವ ಹಾಗೆ. ಸದ್ದು ಮಾಡುವ ಡಬ್ಬಿ ಪಕ್ಕದ ಮನೆಯಲ್ಲಿದೆ. ಮೊನ್ನೆ ಹೋದಾಗ ದೊಡ್ಡಮ್ಮನೇ ಒತ್ತಿ ನೋಡಿದರು. ಒಂದು ನಿಮಿಷ ಆಗಿರಲಿಲ್ಲ, ಭಾವ ತೋಟದ ಕೆಸರುಗಾಲಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಿದ್ದರು.