ಹಳೆಯ ಇಮೇಲ್ ಪಟ್ಟಿಯನ್ನು ಹೊಸ ಸೇವೆಗೆ ಸಾಗಿಸುವ ಮೊದಲು ಇದನ್ನು ಓದಿ

ನಾನು ಆನ್‌ಲೈನ್‌ನಲ್ಲಿ ಛಾಯಾಗ್ರಹಣದ ಪಾಠಗಳನ್ನು ಮಾರುತ್ತೇನೆ. ಹೊಸ ಪಾಠ ಬಂದಾಗ, ರಿಯಾಯಿತಿ ಇದ್ದಾಗ ಚಂದಾದಾರರಿಗೆ ಇಮೇಲ್ ಕಳುಹಿಸುತ್ತೇನೆ. ಆರು ವರ್ಷಗಳಲ್ಲಿ ಕೂಡಿಬಂದ ಪಟ್ಟಿಯಲ್ಲಿ 14,000 ವಿಳಾಸಗಳಿದ್ದವು. ಆ ಸಂಖ್ಯೆಯ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಇಮೇಲ್ ಕಳುಹಿಸಿಕೊಡುವ ಹಳೆಯ ಸೇವೆ ಶುಲ್ಕ ಏರಿಸಿತು. ಬೇರೊಂದಕ್ಕೆ ಹೋಗೋಣವೆಂದು ‘ಎಲ್ಲ ಸಂಪರ್ಕಗಳು’ ಎಂಬ ಗುಂಡಿ ಒತ್ತಿ ಪಟ್ಟಿಯನ್ನು ಸಿಎಸ್‌ವಿ (ಸಾಲು, ಕಾಲಂಗಳಿರುವ ಸರಳ ಪಠ್ಯ) ಕಡತವಾಗಿ ಇಳಿಸಿಕೊಂಡೆ. ಎಲ್ಲ ಎಂದರೆ ನಿಜಕ್ಕೂ ಎಲ್ಲರೂ: ಈಗಿನ ಚಂದಾದಾರರು, ಅನ್‌ಸಬ್‌ಸ್ಕ್ರೈಬ್ ಆದವರು (ಇಮೇಲ್ ಬೇಡ ಎಂದು ಹೊರಹೋದವರು), ಇಮೇಲ್ ತಲುಪದೆ ಬೌನ್ಸ್ ಆದ ವಿಳಾಸಗಳು. ಯಾರು ಯಾವ ಗುಂಪಿನವರು ಎಂದು ಹೇಳುವ ಕಾಲಂ ಒಂದು ಕಡತದ ತುದಿಯಲ್ಲಿತ್ತು. ಹೊಸ ಸೇವೆ ‘ಯಾವ ಕಾಲಂ ಬೇಕು’ ಎಂದು ಕೇಳಿದಾಗ ನಾನು ಹೆಸರು, ಇಮೇಲ್ ಎರಡನ್ನೇ ಆರಿಸಿ ಉಳಿದದ್ದನ್ನು ಬಿಟ್ಟೆ. ಕೆಳಗೆ ಒಂದು ಚೌಕವಿತ್ತು: ‘ಇವರೆಲ್ಲರೂ ನನ್ನಿಂದ ಇಮೇಲ್ ಪಡೆಯಲು ಒಪ್ಪಿದ್ದಾರೆ’. ಅದಕ್ಕೂ ಟಿಕ್ ಹಾಕಿದೆ. ಅಷ್ಟು ಸಾಲದೆಂಬಂತೆ, ಹಿಂದೊಮ್ಮೆ ಬಹುಮಾನದ ಚೀಟಿ ಎತ್ತಲು ಜನ ಬರೆದುಕೊಟ್ಟಿದ್ದ ವಿಳಾಸಗಳನ್ನೂ ಅದೇ ಹುಮ್ಮಸ್ಸಿನಲ್ಲಿ ಸೇರಿಸಿದೆ. ಅವರು ಒಪ್ಪಿದ್ದು ಚೀಟಿ ಎತ್ತುವುದಕ್ಕೆ. ಪ್ರತಿ ವಾರ ನನ್ನ ಜಾಹೀರಾತು ಓದುವುದಕ್ಕಲ್ಲ. ಆ ವ್ಯತ್ಯಾಸ ಆಗ ಹೊಳೆಯಲೇ ಇಲ್ಲ.

ಹೊಸ ಸೇವೆಯಿಂದ ಇಡೀ ಪಟ್ಟಿಗೆ ಮೊದಲ ಇಮೇಲ್ ಹೋಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಮೊದಲ ಉತ್ತರ ಬಂತು. ‘ನಾನು ಎರಡು ವರ್ಷಗಳ ಹಿಂದೆಯೇ ಬೇಡ ಎಂದಿದ್ದೆ. ನಿಮ್ಮ ಕಡೆಯಿಂದ ದೃಢೀಕರಣವೂ ಬಂದಿತ್ತು. ಇದೇನು?’ ಸಂಜೆಯ ಹೊತ್ತಿಗೆ ಅಂಥ ಉತ್ತರಗಳು ನಲವತ್ತು ದಾಟಿದ್ದವು. ಬೈದು ಉತ್ತರ ಬರೆದವರು ಒಳ್ಳೆಯವರು ಎಂದು ನನಗೆ ತಿಳಿದದ್ದು ಆಮೇಲೆ. ಏಟು ಕೊಟ್ಟವರು ಒಂದು ಮಾತೂ ಆಡದೆ ‘ಸ್ಪ್ಯಾಮ್’ ಗುಂಡಿ ಒತ್ತಿ ಮುಂದೆ ಹೋದವರು. ಅಂಥ ದೂರುಗಳ ಪ್ರಮಾಣವನ್ನು ಶೇಕಡಾ 0.1ಕ್ಕಿಂತ ಕೆಳಗಿಡಿ, 0.3 ಮುಟ್ಟಲು ಎಂದಿಗೂ ಬಿಡಬೇಡಿ ಎನ್ನುತ್ತದೆ ಜಿಮೇಲ್. ಅಂದರೆ ಸಾವಿರ ಜನರಲ್ಲಿ ಮೂವರು ಮುನಿಸಿಕೊಂಡರೆ ಸಾಕು. ನನ್ನದು ಆ ದಿನ ಶೇಕಡಾ 1 ದಾಟಿತ್ತು.

ಬೌನ್ಸ್‌ಗಳದ್ದು ಇನ್ನೊಂದು ಕಥೆ. ಸತ್ತ ವಿಳಾಸ ತಾನೇ, ತಲುಪದಿದ್ದರೆ ತಲುಪಲಿಲ್ಲ, ನಷ್ಟವೇನು ಎಂದು ನಾನು ಭಾವಿಸಿದ್ದೆ. ಮಾಲೀಕರು ಬಿಟ್ಟುಹೋದ ಕೆಲವು ಹಳೆಯ ವಿಳಾಸಗಳನ್ನು ಇಮೇಲ್ ಸಂಸ್ಥೆಗಳೂ ಸ್ಪ್ಯಾಮ್ ತಡೆಯುವ ಸಂಸ್ಥೆಗಳೂ ಕೆಲಕಾಲದ ನಂತರ ಬಲೆಯಾಗಿ ಬಳಸುತ್ತವೆ. ಆ ವಿಳಾಸಕ್ಕೆ ಪತ್ರ ಬಂದರೆ ಕಳುಹಿಸಿದವನು ಪಟ್ಟಿಯನ್ನು ತೊಳೆದು ವರ್ಷಗಳಾಗಿವೆ ಅಥವಾ ಎಲ್ಲಿಂದಲೋ ಕೊಂಡಿದ್ದಾನೆ ಎಂದೇ ಅರ್ಥ. ನಾನು ಕೊಂಡಿರಲಿಲ್ಲ. ಆದರೆ ಬಲೆಗೆ ಅದರ ಗೊಡವೆ ಇಲ್ಲ.

ಈಗ ನನ್ನ ಎರಡನೆಯ ತಪ್ಪು. ಇದನ್ನು ಬರೆಯಲು ಕೂತದ್ದೇ ಮುಖ್ಯವಾಗಿ ಅದಕ್ಕಾಗಿ, ಏಕೆಂದರೆ ಒಳ್ಳೆಯ ಮನಸ್ಸಿನವರೇ ಈ ಹಳ್ಳಕ್ಕೆ ಬೀಳುತ್ತಾರೆ. ಮರುದಿನ ನಾನು ಅದೇ 14,000 ಜನರಿಗೂ ಕ್ಷಮೆ ಕೋರಿ ಇಮೇಲ್ ಕಳುಹಿಸಿದೆ. ‘ತಪ್ಪಾಯಿತು. ನಮ್ಮ ಪಟ್ಟಿಯಲ್ಲಿ ಉಳಿಯಲು ಇಷ್ಟವಿದ್ದರೆ ಇಲ್ಲಿ ಒತ್ತಿ’ ಎಂದು. ಗಾಯದ ಮೇಲೆ ಬರೆ ಎಳೆದಂತಾಯಿತು. ಬೇಡ ಎಂದವರಿಗೆ ‘ನಿಜವಾಗಿಯೂ ಬೇಡವೇ’ ಎಂದು ಕೇಳುವುದೂ ಪ್ರಚಾರದ ಇಮೇಲೇ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2017ರ ಮಾರ್ಚ್‌ನಲ್ಲಿ ಇದೇ ಬಗೆಯ ಎರಡು ಪ್ರಕರಣಗಳಲ್ಲಿ ದಂಡ ಹಾಕಿದೆ. ಫ್ಲೈಬಿ ವಿಮಾನ ಸಂಸ್ಥೆ, ಪ್ರಚಾರ ಬೇಡ ಎಂದಿದ್ದವರಿಗೇ ‘ನಿಮ್ಮ ವಿವರ ಸರಿಯಿದೆಯೇ’ ಎಂದು ಕೇಳುವ 33 ಲಕ್ಷಕ್ಕೂ ಹೆಚ್ಚು ಇಮೇಲ್ ಕಳುಹಿಸಿ 70,000 ಪೌಂಡ್ ತೆತ್ತಿತು. ಹೋಂಡಾದ ಯುರೋಪ್ ಘಟಕ ಸುಮಾರು 2,90,000 ಜನರಿಗೆ ‘ನಮ್ಮಿಂದ ಇಮೇಲ್ ಬೇಕೇ’ ಎಂದು ಕೇಳಿ 13,000 ಪೌಂಡ್ ದಂಡಕ್ಕೆ ಗುರಿಯಾಯಿತು. ಆ ಜನ ಹಿಂದೆ ಒಪ್ಪಿದ್ದರೆಂದು ತೋರಿಸಲು ಅದರ ಬಳಿ ದಾಖಲೆ ಇರಲಿಲ್ಲ. ಕಾನೂನು ಪಾಲಿಸುತ್ತಿದ್ದೇವೆ ಎಂದುಕೊಂಡೇ ಅದು ಆ ಕೆಲಸ ಮಾಡಿತ್ತು. ಓದಿದಾಗ ನನ್ನ ಬೆನ್ನು ತಣ್ಣಗಾಯಿತು.

ಮೂರನೆಯ ದಿನ ಹೊಸ ಸೇವೆ ನನ್ನ ಖಾತೆಯನ್ನು ತಡೆಹಿಡಿಯಿತು. ಜೊತೆಗೆ ಐದು ವಿಳಾಸಗಳನ್ನು ಕೊಟ್ಟು, ಇವರು ಯಾವಾಗ, ಯಾವ ಪುಟದಲ್ಲಿ, ಯಾವ ವಾಕ್ಯವನ್ನು ಓದಿ ಒಪ್ಪಿದರು ತೋರಿಸಿ ಎಂದು ಕೇಳಿತು. ನನ್ನ ಬಳಿ ಇದ್ದದ್ದು ‘ಸೇರಿಸಿದ ದಿನಾಂಕ’ ಒಂದೇ. ಅದೂ ಐವರಿಗೂ ಒಂದೇ ದಿನ: ನಾನು ಕಡತ ಏರಿಸಿದ ದಿನ. ನಿಜವಾಗಿ ಒಪ್ಪಿದ್ದವರ ಒಪ್ಪಿಗೆಯೂ ಆ ಸಾಗಾಟದಲ್ಲಿ ಅಳಿಸಿಹೋಗಿತ್ತು. ಹಳೆಯ ಸೇವೆಯ ಖಾತೆಯನ್ನು ಹಣ ಉಳಿಸಲು ಅಷ್ಟರಲ್ಲೇ ಮುಚ್ಚಿಬಿಟ್ಟಿದ್ದೆ.

ಅಮೆರಿಕದ ಸೇವೆ ಬಳಸುತ್ತಿದ್ದೇನೆ, ಆದ್ದರಿಂದ ಅಲ್ಲಿನ ಕ್ಯಾನ್-ಸ್ಪ್ಯಾಮ್ ಕಾಯ್ದೆಯಷ್ಟೇ ನನಗೆ ಲಗತ್ತು ಎಂದೂ ತಿಳಿದಿದ್ದೆ. 2003ರ ಆ ಕಾಯ್ದೆ ಮೊದಲೇ ಒಪ್ಪಿಗೆ ಪಡೆಯಬೇಕೆಂದು ಹೇಳುವುದಿಲ್ಲ. ವಿಷಯದ ಸಾಲಿನಲ್ಲಿ ಮೋಸವಿರಬಾರದು, ಅಂಚೆ ವಿಳಾಸವಿರಬೇಕು, ಬೇಡ ಎಂದವರನ್ನು 10 ಕೆಲಸದ ದಿನಗಳೊಳಗೆ ಕೈಬಿಡಬೇಕು. (ಆ ಲೆಕ್ಕದಲ್ಲೂ ನಾನು ತಪ್ಪಿತಸ್ಥನೇ.) ಆದರೆ ಪಾಠ ಕೊಳ್ಳುವವರು ಎಲ್ಲೆಲ್ಲೋ ಇರುತ್ತಾರೆ, ಅವರು ಇರುವಲ್ಲಿನ ಕಾನೂನೂ ನಮ್ಮ ಹಿಂದೆ ಬರುತ್ತದೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಒಪ್ಪಿಗೆ ಇತ್ತೆಂದು ತೋರಿಸಬೇಕಾದವನು ಕಳುಹಿಸುವವನೇ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಸುಮ್ಮನಿರುವುದು, ಮೊದಲೇ ಟಿಕ್ ಹಾಕಿಟ್ಟ ಚೌಕ ಯಾವುದೂ ಒಪ್ಪಿಗೆಯಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಕೆನಡಾದ್ದು ಇನ್ನೂ ಬಿಗಿ. ಕೊಂಡವರಿಗೆ ಸ್ಪಷ್ಟ ಒಪ್ಪಿಗೆಯಿಲ್ಲದೆ ಇಮೇಲ್ ಕಳುಹಿಸಬಹುದಾದ ಅವಧಿ ಎರಡು ವರ್ಷ, ಬರೀ ವಿಚಾರಿಸಿ ಹೋದವರಿಗೆ ಆರು ತಿಂಗಳು. ಉಲ್ಲಂಘಿಸಿದ ಸಂಸ್ಥೆಗೆ ದಂಡ ಒಂದು ಕೋಟಿ ಕೆನಡಾ ಡಾಲರ್‌ವರೆಗೂ ಹೋಗಬಹುದು. ನನ್ನ ಪಟ್ಟಿಯಲ್ಲಿ ಐದು ವರ್ಷ ಹಿಂದೆ ಒಂದೇ ಒಂದು ಪ್ರಶ್ನೆ ಕೇಳಿ ಹೋದವರೂ ಇದ್ದರು. ನನಗೆ ಯಾರೂ ದಂಡ ಹಾಕಲಿಲ್ಲ, ಅದು ಅದೃಷ್ಟ.

ದಂಡಕ್ಕಿಂತ ಬೇರೆಯದೇ ನೋವು ಕಾದಿತ್ತು. ಹಣ ಕೊಟ್ಟು ಪಾಠ ಕೊಂಡಿದ್ದವರ ಪಾಸ್‌ವರ್ಡ್ ಬದಲಾವಣೆಯ ಇಮೇಲ್, ರಸೀದಿ, ಎಲ್ಲವೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗಿದವು. ಜಾಹೀರಾತೂ ರಸೀದಿಯೂ ಒಂದೇ ಡೊಮೇನ್‌ನಿಂದ (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು) ಹೋಗುತ್ತಿದ್ದವು. ಇಮೇಲ್ ಸಂಸ್ಥೆಗಳ ಕಣ್ಣಿನಲ್ಲಿ ಕೆಟ್ಟದ್ದು ಆ ಡೊಮೇನಿನ ಹೆಸರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದನ್ನು ನಾನು ಐದು ತಿಂಗಳು ಅನುಭವಿಸಿದೆ. ಈಗ ರಸೀದಿಗೊಂದು, ಪ್ರಚಾರಕ್ಕೊಂದು ಬೇರೆ ಬೇರೆ ಉಪಡೊಮೇನ್ ಇಟ್ಟಿದ್ದೇನೆ.

ನೀವು ಸೇವೆ ಬದಲಿಸುವವರಿದ್ದರೆ ಬೇಡ ಎಂದವರ ಪಟ್ಟಿಯನ್ನು ಮೊದಲು ಸಾಗಿಸಿ, ಅದನ್ನು ತಡೆಪಟ್ಟಿಯಾಗಿ ಏರಿಸಿ, ಆಮೇಲೆ ಉಳಿದವರನ್ನು. ಅನ್‌ಸಬ್‌ಸ್ಕ್ರೈಬ್ ಆದವರ ವಿಳಾಸವನ್ನು ‘ಇನ್ನೇಕೆ’ ಎಂದು ಪೂರ್ತಿ ಅಳಿಸುವುದೂ ಅಪಾಯವೇ. ಮುಂದೆ ಯಾವುದೋ ಹಳೆಯ ಕಡತದಿಂದ ಅವರು ಮತ್ತೆ ಒಳಬಂದಾಗ ತಡೆಯಲು ಏನೂ ಇರುವುದಿಲ್ಲ. ಹಳೆಯ ಖಾತೆಯನ್ನು ಮುಚ್ಚುವ ಮೊದಲು ಒಪ್ಪಿಗೆಯ ದಿನಾಂಕ, ಸಮಯ, ಅರ್ಜಿಯ ಪುಟ ಎಲ್ಲವನ್ನೂ ಇಳಿಸಿಕೊಳ್ಳಿ. ಅರ್ಜಿಯಲ್ಲಿದ್ದ ವಾಕ್ಯವನ್ನು ಆಗಾಗ ಬದಲಿಸಿದ್ದರೆ ಪ್ರತಿ ಆವೃತ್ತಿಯನ್ನೂ ದಿನಾಂಕದೊಂದಿಗೆ ಎತ್ತಿಡಿ.

ಹೊಸಬರನ್ನು ಸೇರಿಸಲು ನಾನೀಗ ಡಬಲ್ ಆಪ್ಟ್-ಇನ್ ಬಳಸುತ್ತೇನೆ: ವಿಳಾಸ ಕೊಟ್ಟವರಿಗೆ ಒಂದು ಇಮೇಲ್ ಹೋಗುತ್ತದೆ, ಅದರಲ್ಲಿನ ಕೊಂಡಿ ಒತ್ತಿದ ಮೇಲೆಯೇ ಹೆಸರು ಪಟ್ಟಿಗೆ ಬರುತ್ತದೆ. ಅರ್ಧದಲ್ಲಿ ಬಿಟ್ಟುಹೋಗುವವರು ಇದ್ದಾರೆ, ಹೋಗಲಿ. ತಪ್ಪಾಗಿ ಬರೆದ ವಿಳಾಸ, ಬೇರೆಯವರ ಹೆಸರಿನಲ್ಲಿ ತುಂಟರು ತುಂಬಿದ ವಿಳಾಸ ಅಲ್ಲೇ ನಿಲ್ಲುತ್ತವೆ. ಹೊರಹೋಗುವ ದಾರಿಯನ್ನೂ ಸಲೀಸು ಮಾಡಿದ್ದೇನೆ. ದೊಡ್ಡ ಪ್ರಮಾಣದಲ್ಲಿ (ಗೂಗಲ್ ಲೆಕ್ಕದಲ್ಲಿ ಜಿಮೇಲ್ ಖಾತೆಗಳಿಗೆ ದಿನಕ್ಕೆ ಸುಮಾರು 5,000 ಅಥವಾ ಹೆಚ್ಚು) ಇಮೇಲ್ ಕಳುಹಿಸುವವರು ಪ್ರಚಾರದ ಇಮೇಲ್‌ಗಳಲ್ಲಿ ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಮಾಡುವ ಸೌಲಭ್ಯ ಇಡಬೇಕೆಂದು 2024ರಲ್ಲಿ ಗೂಗಲ್ ಮತ್ತು ಯಾಹೂ ನಿಯಮ ತಂದವು. ಹಾಗೆ ಒತ್ತಿದವರನ್ನು ಎರಡು ದಿನಗಳೊಳಗೆ ಕೈಬಿಡಬೇಕು. ಇದರ ತಾಂತ್ರಿಕ ಮಾನದಂಡ ಆರ್‌ಎಫ್‌ಸಿ 8058. ಲಾಗಿನ್ ಆಗಿ, ಕಾರಣ ಬರೆದು, ಏಳು ಟಿಕ್ ತೆಗೆದು ಹೊರಹೋಗಿ ಎನ್ನುವವರನ್ನು ಕಂಡರೆ ನನಗೆ ಈಗ ಅಯ್ಯೋ ಎನಿಸುತ್ತದೆ. ಅವರ ಚಂದಾದಾರರು ಬಾಗಿಲು ಹುಡುಕುವ ಬದಲು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ.

‘ತೆರೆದು ನೋಡಿದವರನ್ನಷ್ಟೇ ಉಳಿಸಿಕೊಳ್ಳಿ’ ಎಂಬ ಸಲಹೆಯೂ ನಿಮಗೆ ಸಿಗುತ್ತದೆ. ಇಮೇಲ್‌ನೊಳಗಿನ ಚಿತ್ರ ಇಳಿದರೆ ಅದನ್ನು ತೆರೆದರು ಎಂದು ಲೆಕ್ಕ. ಆಪಲ್ 2021ರಿಂದ ತನ್ನ ಮೇಲ್ ಆ್ಯಪ್‌ನಲ್ಲಿ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುವ ಏರ್ಪಾಡು ತಂದ ಮೇಲೆ ಆ ಲೆಕ್ಕ ನಂಬಿಕೆಗೆ ಯೋಗ್ಯವಲ್ಲ. ಓದದವರೂ ಓದಿದವರಂತೆ ಕಾಣುತ್ತಾರೆ. ಕೊಂಡಿ ಒತ್ತಿದವರು, ಉತ್ತರ ಬರೆದವರು, ಪಾಠ ಕೊಂಡವರನ್ನು ಎಣಿಸಿ.

ನನ್ನ ಪಟ್ಟಿಯಲ್ಲಿ ಈಗ 2,300 ಜನರಿದ್ದಾರೆ, ಎಲ್ಲರೂ ತಾವಾಗಿಯೇ ಮತ್ತೆ ಬಂದವರು. ಆ ಹಳೆಯ ಸಿಎಸ್‌ವಿ ಕಡತ ಇನ್ನೂ ನನ್ನ ಬಳಿ ಇದೆ. ಅದರಿಂದ ಒಂದು ಗುಂಪನ್ನು ಬಿಟ್ಟು ಉಳಿದೆಲ್ಲವನ್ನೂ ಅಳಿಸಿದ್ದೇನೆ. ಉಳಿಸಿಕೊಂಡಿರುವುದು ಬೇಡ ಎಂದವರನ್ನು ಮಾತ್ರ.